ಕ್ಯಾಪ್ಟನ್ ಸಾಹೇಬರ ತಪಾಸಣೆ

ನಮ್ಮ ಟಿಲ್ಲರಿ ಮಿಲ್ಸ್ ಊರಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಚರ್ಚು, ಒಂದು ಅಂಚೆ ಕಚೇರಿ, ನಿಂತುಹೋದ ಒಂದು ಹಿಟ್ಟಿನ ಗಿರಣಿ, ಗಿರಣಿಯ ಹಿಂದೊಂದು ಕೆರೆ, ಕೆರೆಯ ಎದುರಿಗೆ ಫೈರ್ ಸ್ಟೇಷನ್ನು. ಊರು ಇಷ್ಟೇ, ಒಪ್ಪಿಕೊಳ್ಳೋಣ. ಆದರೆ ಸ್ವಾಮಿ, ಇಡೀ ನ್ಯೂಯಾರ್ಕ್ ರಾಜ್ಯದಲ್ಲಿ ಕ್ಯಾಪ್ಟನ್ ಸಾಹೇಬರು ಇರುವುದು ನಮ್ಮೂರಿನಲ್ಲಿ ಮಾತ್ರ.

ಸಾಹೇಬರು ಜಾತಿಯಿಂದ ಸ್ನ್ಯಾಪರ್, ಅಂದರೆ ಕಚ್ಚುವ ಆಮೆ. ಪರಾತದಷ್ಟು ಅಗಲದ ಚಿಪ್ಪು, ಅದರ ಮೇಲೆ ಹಸಿರು ಪಾಚಿ, ಬಾಲಕ್ಕೆ ಗರಗಸದಂಥ ಹಲ್ಲು, ಮುಖದಲ್ಲಿ ಸಂಬಳ ತಡವಾದ ಮೇಷ್ಟರ ಸಿಟ್ಟು. ಬೇರೆ ಆಮೆಗಳು ಹೆದರಿದರೆ ತಲೆ ಒಳಗೆ ಎಳೆದುಕೊಂಡು ಕೂತುಬಿಡುತ್ತವೆ. ಸಾಹೇಬರ ವಂಶಕ್ಕೆ ಆ ಅನುಕೂಲ ಇಲ್ಲ. ಹೊಟ್ಟೆಯ ಕಡೆಯ ಚಿಪ್ಪು ಮಗುವಿನ ಜೊಲ್ಲುಬಟ್ಟೆಯಷ್ಟು ಚಿಕ್ಕದು, ಮೈ ಒಳಗೆ ಹಿಡಿಸುವುದೇ ಇಲ್ಲ. ಹಾಗಾಗಿ ನೆಲದ ಮೇಲೆ ಯಾರಾದರೂ ಎದುರು ಬಂದರೆ ಕಚ್ಚುವುದೊಂದೇ ದಾರಿ. ನೀರಿನಲ್ಲಿದ್ದರೆ ಮಾತ್ರ ಪರಮ ಸಾಧು. ನೀವು ಪಕ್ಕದಲ್ಲೇ ಈಜಿದರೂ ಸುಮ್ಮನೆ ದಾರಿ ಬಿಟ್ಟು ಹೋಗುತ್ತಾರೆ. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಮಂಜುಗಡ್ಡೆಯ ಕೆಳಗೆ ಕೆಸರಿನಲ್ಲಿ ಹೂತುಕೊಂಡು, ಒಂದು ಸಲವೂ ಮೇಲೆ ಬಂದು ಉಸಿರೆಳೆಯದೆ ವಸಂತದವರೆಗೂ ಇರುತ್ತಾರೆ. ಅದನ್ನು ನಾವು ಸಾಹೇಬರ ರಜೆ ಅನ್ನುತ್ತೇವೆ.

ಪ್ರತಿ ವರ್ಷ ಜೂನ್ ತಿಂಗಳಲ್ಲಿ, ರಾತ್ರಿ ಮಳೆ ಬಂದು ನಿಂತ ಒಂದು ಬೆಳಗ್ಗೆ, ಸಾಹೇಬರು ಕೆರೆಯಿಂದ ಎದ್ದು, ರಸ್ತೆ ದಾಟಿ, ನೇರವಾಗಿ ಫೈರ್ ಸ್ಟೇಷನ್ ಮುಂದಿನ ಜಲ್ಲಿ ಅಂಗಳಕ್ಕೆ ಬರುತ್ತಾರೆ. ಹಿಂಗಾಲಿನಿಂದ ಜಲ್ಲಿ ಕೆದರಿ ನೆಲ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಆಮೇಲೆ ಬಹಳ ಹೊತ್ತು ಅಲ್ಲೇ ಕೂತು ನಮ್ಮ ಕೆಂಪು ಟ್ರಕ್ಕನ್ನೂ ನಮ್ಮನ್ನೂ ದಿಟ್ಟಿಸಿ ನೋಡಿ, ಕೆದರಿದ್ದನ್ನು ಮುಚ್ಚಿ, ಕೆರೆಗೆ ಹಿಂತಿರುಗುತ್ತಾರೆ. ಇದೇ ವಾರ್ಷಿಕ ತಪಾಸಣೆ. ನಮ್ಮ ಅಜ್ಜಂದಿರ ಕಾಲದಿಂದ ಒಂದು ವರ್ಷವೂ ತಪ್ಪಿಲ್ಲ. ಸಾಹೇಬರು ಕೆರೆ ದಂಡೆ ಹತ್ತಿದ ಕೂಡಲೇ ಸೈರನ್ ಕೂಗುತ್ತದೆ, ಊರಿನವರೇ ಸೇರಿ ನಡೆಸುವ ಅಗ್ನಿಶಾಮಕ ದಳದವರೆಲ್ಲ ಬಿಳಿ ಕೈಗವಸು ಹಾಕಿಕೊಂಡು ಸಾಲಾಗಿ ನಿಲ್ಲುತ್ತೇವೆ, ಬ್ಯಾಂಡ್ ನುಡಿಯುತ್ತದೆ. ಟ್ರಕ್ ಓಡಿಸುವವನೂ ನಾನೇ, ಬ್ಯಾಂಡಿನಲ್ಲಿ ಟ್ಯೂಬಾ ಊದುವವನೂ ನಾನೇ. ಸೆಪ್ಟೆಂಬರಿನಲ್ಲಿ ಅದೇ ಅಂಗಳದಿಂದ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಆಮೆಗಳು ಕೆರೆಯ ಕಡೆಗೆ ನಡೆದು ಹೋಗುವುದನ್ನೂ ಕಂಡಿದ್ದೇವೆ. ಅವು ದಳಕ್ಕೆ ಭರ್ತಿಯಾಗಲು ಬಂದು, ಎತ್ತರ ಸಾಲದೆ ವಾಪಸ್ಸು ಹೋಗುತ್ತಿರುವ ಸಿಪಾಯಿಗಳು.

ಬೇರೆ ಊರಿನವರು ನಗುತ್ತಾರೆ. ‘ರೀ, ಅದು ಮೊಟ್ಟೆ ಇಡೋಕೆ ಬರೋದು’ ಅನ್ನುತ್ತಾರೆ. ಆಮೆ ಮೊಟ್ಟೆ ಇಡುತ್ತದೆ ಎಂಬುದು ನಮಗೇನು ಗೊತ್ತಿಲ್ಲವೇ? ಬೇರೆ ಊರಿನ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ನಮ್ಮ ಕ್ಯಾಪ್ಟನ್ ಸಾಹೇಬರು ತಪಾಸಣೆಗೆ ಬರುತ್ತಾರೆ.

ಈ ವ್ಯವಸ್ಥೆಗೆಲ್ಲ ಆಧಾರಸ್ತಂಭ ವೆಂಡೆಲ್ ವ್ರೂಮನ್. ಊರಿನ ಹಾರ್ಡ್‌ವೇರ್ ಅಂಗಡಿ ಅವನದು. ಅಂದರೆ ಬೋರ್ಡಿನಲ್ಲಿ ಅವನ ಹೆಸರು, ಒಳಗೆ ಅವನ ಹೆಂಡತಿ ಆರ್ಡಿಸ್. ಮೊಳೆ ಕೇಳಿದರೆ ತಿರುಪು ಕೊಡುವ ವೆಂಡೆಲ್‌ಗೆ ಊರಿನಲ್ಲಿ ಒಂದೇ ಒಂದು ಗೌರವ: ಸಾಹೇಬರ ಆರ್ಡರ್ಲಿ. ಅವನ ಅಜ್ಜನಿಂದ ಬಂದ ಹುದ್ದೆ. ಸಾಹೇಬರು ನಡೆದು ಬರುವಾಗ ಹಿಂದೆ ಪೊರಕೆ ಹಿಡಿದು ನಡೆಯುವುದು, ಹೋದ ಮೇಲೆ ಜಲ್ಲಿ ಸಮ ಮಾಡುವುದು, ಸಾಹೇಬರ ಮನಸ್ಸಿನಲ್ಲಿ ಏನಿದೆ ಎಂದು ನಮಗೆ ತಿಳಿಸುವುದು ಅವನ ಕೆಲಸ. ಕಣ್ಣು ಮಿಟುಕಿಸಿದರೆ ಒಪ್ಪಿಗೆ. ಬುಸ್ ಅಂದರೆ ಯಾರದೋ ಟೋಪಿ ಸರಿಯಿಲ್ಲ.

ಒಂದು ವರ್ಷ ಜಿಲ್ಲಾ ಕೇಂದ್ರದಿಂದ ಆಪತ್ತು ಬಂತು. ದಳ ಅಂತ ಇರಬೇಕಾದರೆ ಹನ್ನೆರಡು ಜನ ಇರಲೇಬೇಕಂತೆ. ಮುದುಕ ಓರಿನ್ ಪೆಕ್ ಸೊಂಟನೋವಿಗೆ ಬಿಸಿಲು ಒಳ್ಳೆಯದೆಂದು ಫ್ಲೋರಿಡಾಕ್ಕೆ ಹೋದ ಮೇಲೆ ನಾವು ಹನ್ನೊಂದೇ ಜನ. ಹನ್ನೆರಡಾಗದಿದ್ದರೆ ನಮ್ಮ ದಳವನ್ನು ಮುಚ್ಚಿ, ಟ್ರಕ್ಕನ್ನೂ ಗಂಟೆಯನ್ನೂ ಪಕ್ಕದ ಕಾಬ್ ಕಾರ್ನರ್ಸ್‌ಗೆ ಕೊಡುವುದಂತೆ. ಕಾಬ್ ಕಾರ್ನರ್ಸ್‌ಗೆ! ಎರಡು ಊರಿನ ನಡುವೆ ಇರುವುದು ಒಂದು ಹಳ್ಳ ಮತ್ತು ನಾಲ್ಕು ತಲೆಮಾರಿನ ಜಗಳ. ಆ ಊರಿನ ದಳದ ಮುಖ್ಯಸ್ಥ ಮರ್ಲ್ ಹ್ಯಾಗಡಾರ್ನ್ ಆಗಲೇ ನಮ್ಮ ಟ್ರಕ್ಕಿಗೆ ತನ್ನ ಷೆಡ್ಡಿನಲ್ಲಿ ಜಾಗ ಮಾಡಿಸಿ, ಅಳತೆ ನೋಡಲು ಟೇಪು ಹಿಡಿದು ಬಂದುಹೋಗಿದ್ದ.

ಸಭೆ ಸೇರಿತು. ಊರಿನ ಗಂಡಸರಲ್ಲಿ ಉಳಿದವರು ಒಂದೋ ತೀರಾ ಮುದುಕರು, ಇಲ್ಲವೋ ಪಾದ್ರಿ. ಆಗ ಹಿಂದಿನಿಂದ ಆರ್ಡಿಸ್ ಎದ್ದು ನಿಂತಳು.

“ನನ್ನ ಸೇರಿಸ್ಕೊಳ್ಳಿ. ಆ ಟ್ರಕ್ ಕೆಟ್ಟಾಗೆಲ್ಲ ರಿಪೇರಿ ಮಾಡ್ತಿರೋದು ಯಾರು? ನಾನು. ಪಂಪು ಬಿಚ್ಚಿ ಜೋಡಿಸೋದು? ನಾನು.”

ನಾವೆಲ್ಲ ವೆಂಡೆಲ್ ಮುಖ ನೋಡಿದೆವು. ವೆಂಡೆಲ್ ಚಾವಣಿ ನೋಡಿದ.

“ನನ್ನ ಅಡ್ಡಿ ಏನೂ ಇಲ್ಲ ಕಣೆ,” ಎಂದ. “ಆದ್ರೆ ಕ್ಯಾಪ್ಟನ್ ಸಾಹೇಬರು ಹಳೇ ಕಾಲದ ಗಂಡಸು. ಅವರನ್ನ ಒಂದ್ ಮಾತು ಕೇಳ್ದೆ ಹೇಗೆ?”

ಇಡೀ ಸಭೆ ಕೆರೆ ದಂಡೆಗೆ ಹೊರಟಿತು. ನೀರಿನ ಮೇಲೆ ಸಾಹೇಬರ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ವೆಂಡೆಲ್ ಟೋಪಿ ತೆಗೆದು, ಗಂಟಲು ಸರಿಮಾಡಿಕೊಂಡು, ಅರ್ಜಿಯನ್ನು ವಿನಯದಿಂದ ಮಂಡಿಸಿದ. ಮೂಗು ಒಂದು ಕ್ಷಣ ಯೋಚಿಸಿ ಕೆಳಗಿಳಿಯಿತು. ಎರಡು ಗುಳ್ಳೆ ಬಂದವು.

“ಆಗಲ್ಲ ಅಂದ್ರು,” ಎಂದ ವೆಂಡೆಲ್, ನಿಜವಾದ ದುಃಖದಿಂದ.

“ಅದು ಆಮೆ, ವೆಂಡೆಲ್. ಆಮೆ ಮುಳುಗತ್ತೆ. ಅದಕ್ಕೆ ಬೇರೆ ಉದ್ಯೋಗ ಇಲ್ಲ,” ಎಂದಳು ಆರ್ಡಿಸ್.

“ಎರಡು ಗುಳ್ಳೆ ಬಂತಲ್ಲ! ಒಂದು ಬಂದಿದ್ರೆ ನೋಡೋಣ ಅಂತಿದ್ದೆ.”

ಆರ್ಡಿಸ್ ಮನೆಗೆ ಹೋಗಿ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಮಾತಿಲ್ಲದ ಆ ಬಿಡುವಿನಲ್ಲೇ ವೆಂಡೆಲ್‌ಗೆ ಯೋಚನೆ ಹೊಳೆದದ್ದು. ಜಿಲ್ಲೆಯ ಅಗ್ನಿಶಾಮಕ ಅಧಿಕಾರಿ ಸ್ಟ್ರೌಡ್‌ರನ್ನೇ ತಪಾಸಣೆ ನೋಡಲು ಕರೆಯುವುದು. ಇಂಥ ಭವ್ಯ ದೃಶ್ಯ ಕಂಡವನಿಗೆ ತಲೆ ಎಣಿಸುವ ಕ್ಷುಲ್ಲಕ ಬುದ್ಧಿ ಬರುತ್ತದೆಯೇ? ಆದರೆ ಜಿಲ್ಲೆಯ ಅಧಿಕಾರಿ ಬರುವಾಗ ಅಂಗಳದಲ್ಲಿ ಜಲ್ಲಿ! ಕಾಬ್ ಕಾರ್ನರ್ಸ್‌ನವರು ತಮ್ಮ ಅಂಗಳಕ್ಕೆ ಎಂದೋ ಡಾಂಬರು ಹಾಕಿಸಿದ್ದಾರೆ. ವಯಸ್ಸಾದ ಸಾಹೇಬರು ವರ್ಷ ವರ್ಷ ಕಲ್ಲಿನ ಮೇಲೆ ನಡೆಯಬೇಕೇ?

ಮೇ ತಿಂಗಳಿಡೀ ನಾವೇ ಬೆವರು ಸುರಿಸಿ ಡಾಂಬರು ಹಾಕಿದೆವು. ಅಂಗಳ ಪಾಲಿಶ್ ಮಾಡಿದ ಬೂಟಿನ ಹಾಗೆ ಹೊಳೆಯಿತು. ವೆಂಡೆಲ್ ದಿನಾ ಸಂಜೆ ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತ ಕೂರುತ್ತಿದ್ದ. ನನಗೂ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಜೂನ್ ಬಂತು, ಮಳೆ ಬಂತು, ಬೆಳಗಾಯಿತು, ಸೈರನ್ ಕೂಗಿತು. ವೆಂಡೆಲ್ ಮೊದಲು ಸ್ಟ್ರೌಡ್‌ಗೆ ಫೋನ್ ಮಾಡಿ, “ಸಾಹೇಬ್ರು ಹೊರಟ್ರು ಸಾರ್!” ಎಂದು ಕಿರುಚಿ, ಆಮೇಲೆ ಪ್ಯಾಂಟು ಹಾಕಿಕೊಂಡ. ನಾಷ್ಟಾದ ಪ್ಯಾನ್‌ಕೇಕು ಅರ್ಧಕ್ಕೆ ಬಿಟ್ಟು ಹನ್ನೊಂದು ಜನವೂ ಓಡಿ ಬಂದೆವು. ಸಾಹೇಬರದು ಅವಸರವಿಲ್ಲದ ನಡಿಗೆಯಾದ್ದರಿಂದ, ಅವರು ರಸ್ತೆ ದಾಟುವಷ್ಟರಲ್ಲಿ ಸ್ಟ್ರೌಡ್ ಕಾರೂ ಬಂತು. ತೆಳ್ಳಗಿನ ಮನುಷ್ಯ, ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ಮುಖ.

“ರೀ ವ್ರೂಮನ್, ತಪಾಸಣೆ ಮಾಡೋರು ಎಲ್ಲಿ?”

“ಕೆಳಗೆ ನೋಡಿ ಸಾರ್. ನಿಮ್ಮ ಬೂಟಿನ ಹತ್ರ.”

ಸ್ಟ್ರೌಡ್ ಕೆಳಗೆ ನೋಡಿದವರೇ ಕಾರಿನ ಬಾನೆಟ್ ಮೇಲೆ ಕೂತರು.

ಸಾಹೇಬರು ಡಾಂಬರಿನ ಅಂಚಿಗೆ ಬಂದು ನಿಂತರು. ಮೂಗು ಚಾಚಿ ಮೂಸಿದರು. ಒಂದು ಹೆಜ್ಜೆ ಮೇಲಿಟ್ಟು, ತಿರುಗಿ, ಹಿಂಗಾಲಿನಿಂದ ಕೆದರಿದರು. ಉಗುರು ಸರ್ರನೆ ಜಾರಿತು. ಮತ್ತೆ ಕೆದರಿದರು, ಮತ್ತೆ ಜಾರಿತು. ನಾನು ಟ್ಯೂಬಾ ಊದುತ್ತಲೇ ಇದ್ದೆ. ಸಾಹೇಬರು ಕತ್ತು ಎತ್ತಿ ವೆಂಡೆಲ್‌ನನ್ನೇ ನೋಡಿ ಬುಸ್ ಎಂದರು.

“ಟೋಪಿ! ಯಾರದೋ ಟೋಪಿ ಸರಿಯಿಲ್ಲ!” ಎಂದ ವೆಂಡೆಲ್. ನಾವೆಲ್ಲ ಟೋಪಿ ಸರಿಮಾಡಿಕೊಂಡೆವು. ಸಾಹೇಬರು ಬೆನ್ನು ತಿರುಗಿಸಿ ಹೊರಟೇಬಿಟ್ಟರು. ಕೆರೆಯ ಕಡೆಗಲ್ಲ, ಊರಿನ ಕಡೆಗೆ.

ತಪಾಸಣೆ ಮುಗಿಯುವವರೆಗೂ ದಳ ಸಾಹೇಬರನ್ನು ಬಿಟ್ಟು ಕದಲಬಾರದು ಎಂಬುದು ವೆಂಡೆಲ್‌ನ ಅಜ್ಜ ಮಾಡಿದ ನಿಯಮ. ಸರಿ, ಮೆರವಣಿಗೆ ಹೊರಟಿತು: ಮುಂದೆ ಸಾಹೇಬರು, ಅವರ ಹಿಂದೆ ಪೊರಕೆ ಹಿಡಿದ ವೆಂಡೆಲ್, ಅವನ ಹಿಂದೆ ಬ್ಯಾಂಡು, ದಳ, ನಾಯಿಗಳು, ಊರು. ಕಾರನ್ನು ಅಲ್ಲೇ ಬಿಟ್ಟು ಸ್ಟ್ರೌಡ್ ಕೂಡ ನಡೆದು ಬಂದರು. ಪೋಸ್ಟ್ ಮಾಸ್ತರಣಿ ಥೆಲ್ಮಾಳ ಗುಲಾಬಿ ಪಾತಿಯಲ್ಲಿ ಸಾಹೇಬರು ಸ್ವಲ್ಪ ಕೆದರಿ ನೋಡಿದರು.

“ಅಯ್ಯೋ ನನ್ನ ಗುಲಾಬಿ! ಓಡ್ಸೋ ಅದನ್ನ!” ಎಂದು ಥೆಲ್ಮಾ ಕಿಟಕಿಯಿಂದ ಕೂಗಿದಳು.

“ಸುಮ್ನಿರಿ ಥೆಲ್ಮಕ್ಕಾ, ಎಲ್ಲರ ಮನೆಗೂ ಬರಲ್ಲ ಸಾಹೇಬ್ರು. ಪುಣ್ಯ ಮಾಡಿದ್ರಿ!” ಎಂದ ವೆಂಡೆಲ್.

ಬೇರು ಅಡ್ಡ ಬಂತೋ ಏನೋ, ಸಾಹೇಬರು ಅಲ್ಲಿಂದಲೂ ಎದ್ದರು. ಚರ್ಚಿನ ಅಂಗಳದಲ್ಲಿ ಆ ದಿನದ ಕೂಟಕ್ಕೆಂದು ಸ್ಟ್ರಾಬೆರಿ ಕೇಕು ಜೋಡಿಸಿಟ್ಟಿದ್ದ ಮೇಜುಗಳ ಕೆಳಗೆ ನುಸುಳಿ ಆ ಕಡೆಯಿಂದ ಹೊರಬಂದರು. ಪಾದ್ರಿ ಮೇಜಿನ ಮೇಲೆ ಹತ್ತಿ ನಿಂತು ನಮ್ಮನ್ನೆಲ್ಲ ಆಶೀರ್ವದಿಸಿದರು. ಆಮೇಲೆ ಸಾಹೇಬರು ದೊಡ್ಡ ರಸ್ತೆಗೆ ಬಂದರು. ನಾನು ಟ್ಯೂಬಾ ಬಾಯಿಂದ ತೆಗೆದು ಕೂಗಿದೆ. ಆ ರಸ್ತೆ ಹೋಗುವುದು ಕಾಬ್ ಕಾರ್ನರ್ಸ್‌ಗೆ.

“ವೆಂಡೆಲ್! ಶತ್ರು ಕಡೆ ಹೊರಟ್ರಲ್ಲೋ! ತಡಿಯೋ!”

ವೆಂಡೆಲ್ ಓಡಿ ಮುಂದೆ ಹೋಗಿ, ಪೊರಕೆ ಅಡ್ಡ ಹಿಡಿದು, “ಸಾಹೇಬ್ರೇ, ತಮ್ಮ ಕಾಲಿಗೆ ಬೀಳ್ತೀನಿ, ಈ ಕಡೆ ದಯಮಾಡಿಸ್ಬೇಕು...” ಎಂದ. ಸಾಹೇಬರ ಕತ್ತು ಎಷ್ಟುದ್ದ ಎಂದು ನಮಗೆ ಆ ದಿನ ತಿಳಿಯಿತು. ಚಟಕ್ ಎಂದಿತು, ಅಷ್ಟೇ. ಪೊರಕೆಯ ಹಿಡಿ ವೆಂಡೆಲ್ ಕೈಯಲ್ಲಿ, ಪೊರಕೆ ಸಾಹೇಬರ ಬಾಯಲ್ಲಿ. ಅದರ ಜೊತೆಗೆ ಹಿಂಭಾಗದಿಂದ ಒಂದು ವಾಸನೆಯನ್ನೂ ಬಿಟ್ಟರು. ನಾಯಿಗಳೆಲ್ಲ ಮನೆಗೆ ಹೋದವು. ದಳ ಹೋಗಲಿಲ್ಲ. ನಾನು ಉಸಿರು ಬಿಗಿಹಿಡಿದು ಟ್ಯೂಬಾ ಊದಿದೆ. ಅದು ಎಷ್ಟು ಕಷ್ಟ ಎಂದು ಊದಿದವರಿಗೇ ಗೊತ್ತು.

“ವಶಪಡಿಸ್ಕೊಂಡ್ರು,” ಎಂದ ವೆಂಡೆಲ್ ಬರೀ ಹಿಡಿ ನೋಡುತ್ತ. “ನನ್ನ ಕೆಲಸ ಹೋಯ್ತು.”

ಎರಡು ಊರಿನ ಗಡಿಯಲ್ಲಿ, ಹಳ್ಳದ ಸೇತುವೆಯ ಪಕ್ಕ, ಚಳಿಗಾಲದಲ್ಲಿ ರಸ್ತೆಗೆ ಎರಚಲೆಂದು ಜಿಲ್ಲೆಯವರು ಪೇರಿಸಿದ ಮರಳಿನ ಗುಡ್ಡೆ ಇದೆ. ಸೇತುವೆಯ ಆ ತುದಿಯಲ್ಲಿ ಮರ್ಲ್ ಹ್ಯಾಗಡಾರ್ನ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ನಮ್ಮ ಸೈರನ್ ಅವನಿಗೂ ಕೇಳಿಸಿತ್ತು. ಅವನ ಮುಖದ ಸಂತೋಷ ನೋಡಲಾರದೆ ನಾನು ಕಣ್ಣು ಮುಚ್ಚಿಕೊಂಡು ಊದಿದೆ.

“ಬರ್ರೀ ಬರ್ರೀ! ಟ್ರಕ್ ತರೋಕೆ ಮುಂಚೆ ಕ್ಯಾಪ್ಟನ್ನೇ ಬಂದ್ಬಿಟ್ರಾ? ಟ್ರಕ್ಕೂ ಹಿಂದೇನೇ ಬರ್ತಿದೆ! ಒಳ್ಳೇದಾಯ್ತು, ನಮಗೆ ಹೋಗಿ ತರೋ ಕೆಲಸ ತಪ್ತು.”

ಸಾಹೇಬರು ಸೇತುವೆಯ ಮೇಲೆ ಕಾಲಿಡಲಿಲ್ಲ. ಮರಳು ನೋಡಿದರು. ಪೊರಕೆ ಉಗುಳಿದರು. ಗುಡ್ಡೆಯ ಬಿಸಿಲು ಬೀಳುವ ಮಗ್ಗುಲನ್ನು ಹತ್ತಿ, ತಿರುಗಿ, ಹಿಂಗಾಲಿನಿಂದ ತೋಡತೊಡಗಿದರು. ಒಂದು ಕಾಲು, ಇನ್ನೊಂದು ಕಾಲು, ಒಮ್ಮೆಯೂ ಹಿಂದೆ ನೋಡದೆ. ಬ್ಯಾಂಡ್ ತಾನಾಗಿ ನಿಂತಿತು.

ಆ ಮೌನದಲ್ಲಿ ಸ್ಟ್ರೌಡ್ ನಮ್ಮ ಸಾಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು.

“ಹನ್ನೊಂದು,” ಎಂದರು. “ಒಬ್ಬ ಕಡಿಮೆ, ವ್ರೂಮನ್.”

“ಸಾರ್, ಸಾಹೇಬ್ರು ಸೇರಿ ಹನ್ನೆರಡು!”

“ಇವರು ನೀರಿನ ಪೈಪು ಹಿಡೀತಾರಾ?”

“ಹಿಡಿದ್ರೆ ಬಿಡೋದೇ ಇಲ್ಲ ಸಾರ್, ಪೊರಕೆ ನೋಡಿದ್ರಲ್ಲ!”

ಸ್ಟ್ರೌಡ್ ಆಗುವುದಿಲ್ಲವೆಂದು ತಲೆಯಾಡಿಸಿದರು. ವೆಂಡೆಲ್ ಕೈಯಿಂದ ಪೊರಕೆಯ ಹಿಡಿ ಕೆಳಗೆ ಬಿತ್ತು. ಅಜ್ಜ ಕಟ್ಟಿದ ದಳ, ಅವನ ಕಣ್ಣೆದುರಿಗೇ ಮುಗಿಯಿತು. ಅಳು ತಡೆಯಲು ಅವನು ಸಾಹೇಬರ ಕಡೆ ತಿರುಗಿದ. ತಿರುಗಿದವನು ಚೀರಿದ.

“ಅಯ್ಯಯ್ಯೋ! ಸಾಹೇಬ್ರಿಗೆ ಏನೋ ಆಗಿದೆ! ಏನೇನೋ ಉದುರ್ತಿದೆ! ಡಾಕ್ಟರ್ನ ಕರೀರಿ!”

ಪಿಂಗ್‌ಪಾಂಗ್ ಚೆಂಡಿನಂಥ ಬಿಳಿಯ ಉಂಡೆ ಒಂದು ಹೊರಬಂತು. ಹಿಂಗಾಲು ಅದನ್ನು ಅಂಗೈಯಲ್ಲಿ ಹಿಡಿದಂತೆ ಹಿಡಿದು ಗುಂಡಿಗೆ ಮೆಲ್ಲಗೆ ಇಳಿಸಿತು. ಆಮೇಲೆ ಇನ್ನೊಂದು, ಮತ್ತೊಂದು. ಅಷ್ಟೊಂದು ಒರಟು ಮುಖದವರಿಗೆ ಅಷ್ಟು ನಾಜೂಕಿನ ಕಾಲು ಇರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

“ಡಾಕ್ಟರೂ ಬೇಡ, ಸೂಲಗಿತ್ತಿನೂ ಬೇಡ,” ಎಂಬ ದನಿ ಬಂತು. “ಅವಳ ಪಾಡಿಗೆ ಅವಳನ್ನ ಬಿಡು, ವೆಂಡೆಲ್.”

ದನಿ ಬಂದದ್ದು ನಮ್ಮ ಹಿಂದೆ, ಮೇಲಿನಿಂದ. ತಿರುಗಿದೆವು. ನಮ್ಮ ಕೆಂಪು ಟ್ರಕ್ಕಿನ ಸ್ಟೀರಿಂಗ್ ಹಿಂದೆ ಆರ್ಡಿಸ್ ಕೂತಿದ್ದಳು. ನನಗೆ ಆಗ ಹೊಳೆಯಿತು: ಓಡಿಸಬೇಕಾದ ನಾನು ಟ್ಯೂಬಾ ಊದುತ್ತಿದ್ದೆ. ಸಾಹೇಬರ ನಡಿಗೆಯ ವೇಗಕ್ಕೆ ಹೊಂದಿಸಿ, ಒಂದು ಸಲವೂ ಎಂಜಿನ್ ಬಂದ್ ಆಗದಂತೆ, ಆ ಹಳೇ ಟ್ರಕ್ಕನ್ನು ಅಷ್ಟು ದೂರ ತರುವುದು ನನ್ನಿಂದ ಆಗದ ಕೆಲಸ. ಇದನ್ನು ನಾನು ಬೇರೆ ಯಾರ ಮುಂದೆಯೂ ಹೇಳುವುದಿಲ್ಲ.

“ಅವಳು?” ಎಂದ ವೆಂಡೆಲ್. “ಹಾಗಾದ್ರೆ... ಸೆಪ್ಟೆಂಬರಿನ ಸಿಪಾಯಿಗಳು?”

“ಮಕ್ಕಳು, ವೆಂಡೆಲ್.”

ಮರ್ಲ್ ಹ್ಯಾಗಡಾರ್ನ್ ಸೇತುವೆಯ ಕಂಬ ಹಿಡಿದುಕೊಂಡು ನಕ್ಕ. ನೆಲದ ಮೇಲೆ ಕೂತು ನಕ್ಕ. ಸ್ಟ್ರೌಡ್ ನಗಲಿಲ್ಲ.

“ಹ್ಯಾಗಡಾರ್ನ್, ಇಷ್ಟು ಹೊತ್ತು ಸೈರನ್ ಕೂಗಿದ್ರೂ ನಿಮ್ಮ ದಳದವರು ಎಲ್ರೀ?”

ನಗು ನಿಂತಿತು. “ಸಾರ್, ಅವರದ್ದು ಬೆಂಕಿ ಅಲ್ಲ, ಆಮೆ ಅಂತ ಗೊತ್ತಿತ್ತು... ಮಲಗಿದಾರೆ ಸಾರ್.”

“ಇವರು ಆಮೆ ಅಂತ ಗೊತ್ತಿದ್ದೂ ಎದ್ದು ಬಂದ್ರು. ಆ ವಾಸನೆಗೂ ಒಬ್ಬನೂ ಸಾಲು ಬಿಡಲಿಲ್ಲ.” ಅವರು ವೆಂಡೆಲ್ ಕಡೆ ತಿರುಗಿ ಟ್ರಕ್ಕಿನತ್ತ ಬೆರಳು ತೋರಿಸಿದರು. “ಅದನ್ನ ಓಡಿಸ್ಕೊಂಡು ಬಂದೋರು ನಿಮ್ಮ ದಳದವರಾ? ನಿಯಮದಲ್ಲಿ ಹನ್ನೆರಡು ಜನ ಅಂತ ಇದೆ. ಗಂಡಸು ಅಂತ ಎಲ್ಲೂ ಇಲ್ಲ. ದಳ ಒಪ್ಪಿದ್ರೆ ಸಾಕು.”

ನಾವೆಲ್ಲ ಮತ್ತೆ ವೆಂಡೆಲ್ ಮುಖ ನೋಡಿದೆವು. ಆರ್ಡಿಸ್ ಟ್ರಕ್ಕಿನಿಂದ ಇಳಿದು ಬಂದು ಅವನ ಎದುರು ನಿಂತಳು.

“ಈಗ ಕೇಳು,” ಎಂದಳು. “ಇಲ್ಲೇ ಇದಾರಲ್ಲ ನಿನ್ನ ಸಾಹೇಬ್ರು. ಮುಳುಗೋಕೆ ನೀರಿಲ್ಲ.”

ವೆಂಡೆಲ್ ಟೋಪಿ ತೆಗೆದ. ಮರಳಿನ ಮೇಲೆ ಮಂಡಿಯೂರಿದ. ಸಾಹೇಬರು ಯಾರನ್ನೂ ಲೆಕ್ಕಿಸದೆ ತಮ್ಮ ಕೆಲಸದಲ್ಲಿದ್ದರು. ಅವನು ಬಹಳ ಹೊತ್ತು ಆ ಮುಖವನ್ನೇ ನೋಡಿದ. ಅಜ್ಜ ನೋಡಿದ ಮುಖ, ಅಪ್ಪ ನೋಡಿದ ಮುಖ. ಮೂವರಿಗೂ ತಿಳಿಯಲಿಲ್ಲ.

“ಸಾಹೇಬ್ರೇ,” ಎಂದ, “ವರ್ಷಾ ವರ್ಷಾ ಇಷ್ಟು ಭಾರ ಹೊತ್ಕೊಂಡು ತಪಾಸಣೆಗೆ ಬರ್ತಿದ್ರಿ. ನಾನು ಹಿಂದೆ ಪೊರಕೆ ಹಿಡ್ಕೊಂಡು ಬರ್ತಿದ್ದೆ, ಒಂದ್ ದಿನ ಹೇಗಿದೀರಿ ಅಂತ ಕೇಳ್ಲಿಲ್ಲ. ನಮ್ಮ ಆರ್ಡಿಸ್ ದಳ ಸೇರ್ತೀನಿ ಅಂತಾಳೆ. ಏನ್ ಅಪ್ಪಣೆ?”

ಸಾಹೇಬರು ನಿಧಾನವಾಗಿ ಕಣ್ಣು ಮಿಟುಕಿಸಿದರು. ಕಣ್ಣಿಗೆ ಮರಳು ಬಿದ್ದಿತ್ತು ಅನ್ನುವವರು ಅನ್ನಲಿ. ಅದೇ ಹೊತ್ತಿಗೆ ಇನ್ನೊಂದು ಮೊಟ್ಟೆಯೂ ಇಳಿಯಿತು.

“ಒಪ್ಪಿದ್ರು!” ಎಂದು ವೆಂಡೆಲ್ ಕೂಗಿದ ಕೂಗಿಗೆ ಕಾಬ್ ಕಾರ್ನರ್ಸ್ ದಳದವರು ಎಚ್ಚರವಾಗಿರಬೇಕು.

ಮಾರನೆಯ ದಿನ ವೆಂಡೆಲ್ ಗುದ್ದಲಿ ಹಿಡಿದು ಬಂದ. ಒಂದು ತಿಂಗಳು ಹಾಕಿದ ಡಾಂಬರನ್ನು ಎರಡು ತಿಂಗಳು ಕಿತ್ತೆವು. ಸೆಪ್ಟೆಂಬರಿನಲ್ಲಿ ಮರಳು ಗುಡ್ಡೆಯಿಂದ ಸಿಪಾಯಿಗಳು ಹೊರಬಿದ್ದಾಗ ಸ್ಟ್ರೌಡ್ ಸ್ವತಃ ಫೋನ್ ಮಾಡಿದರು. ನಾವು ಹನ್ನೆರಡೂ ಜನ ಬಿಳಿ ಕೈಗವಸಿನಲ್ಲಿ ಹೋಗಿ ಅವುಗಳನ್ನು ಹೆಲ್ಮೆಟ್ಟಿನಲ್ಲಿ ಹೊತ್ತು ಕೆರೆಗೆ ಬಿಟ್ಟೆವು. ನೆಲ ಬಹಳ ಬೆಚ್ಚಗಿದ್ದರೆ ಮೊಟ್ಟೆಯೊಳಗಿನ ಮರಿ ಹೆಣ್ಣಾಗುತ್ತದಂತೆ. ಆ ಬೇಸಿಗೆ ಗುಡ್ಡೆಯ ಮೇಲೆ ಬಿದ್ದ ಬಿಸಿಲಿಗೆ ಎಲ್ಲವೂ ಕ್ಯಾಪ್ಟನ್ನುಗಳೇ ಎಂದು ವೆಂಡೆಲ್ ಊರೆಲ್ಲ ಸಾರಿದ.

ಮರು ವರ್ಷದ ಜೂನ್. ಮಳೆ ನಿಂತ ಬೆಳಗ್ಗೆ. ಸಾಹೇಬರು ರಸ್ತೆ ದಾಟಿ, ಜಲ್ಲಿ ಮೂಸಿ, ತಿರುಗಿ ಕೂತರು. ಬೇಲಿಯ ಆಚೆ ನಿಂತಿದ್ದ ಮರ್ಲ್, “ಏನ್ರಪ್ಪಾ, ನಿಮ್ಮ ಕ್ಯಾಪ್ಟನ್ ಬಾಣಂತಿಯಂತೆ?” ಎಂದ.

“ಹೌದಪ್ಪಾ,” ಎಂದ ವೆಂಡೆಲ್, ಹೊಸ ಪೊರಕೆಯನ್ನು ಬಂದೂಕಿನಂತೆ ಹೆಗಲಿಗಿಟ್ಟು. “ನಮ್ಮವರು ಬಸುರಿಯಾಗಿದ್ರೂ ಡ್ಯೂಟಿಗೆ ಬರ್ತಾರೆ. ನಿಮ್ಮವರು ಎದ್ರಾ?”

ಬ್ಯಾಂಡ್ ಶುರುವಾಯಿತು. ಸಾಲಿನ ಕೊನೆಯಲ್ಲಿ ಆರ್ಡಿಸ್ ನಿಂತಿದ್ದಳು. ಕಪ್ಪು ಕೋಟು, ಬಿಳಿ ಕೈಗವಸು, ಓರಿನ್ ಪೆಕ್‌ನ ಹಳೇ ಹೆಲ್ಮೆಟ್ಟು ಒಂದು ಕಡೆ ವಾಲಿತ್ತು. ಇದೆಲ್ಲ ಬರೀ ಹುಚ್ಚಾಟ ಎಂದು ಮದುವೆಯಾದ ದಿನದಿಂದ ಹೇಳುತ್ತ ಬಂದವಳು ಅವಳು.

ಸಾಹೇಬರು ಕತ್ತೆತ್ತಿ ಅವಳ ಕಡೆ ನೋಡಿ ಬುಸ್ ಎಂದರು.

ಆರ್ಡಿಸ್ ತಕ್ಷಣ ಹೆಲ್ಮೆಟ್ ಸರಿಮಾಡಿಕೊಂಡಳು.